ವರ್ಷದ ಪುಸ್ತಕದ ಒಂದು ಸಾಲು

ದೇಶದ ಒಂದು ವರ್ಷದ ರಾಜಕೀಯ, ಕಲೆ, ಕ್ರೀಡೆಗಳನ್ನೆಲ್ಲ ಸೇರಿಸಿ, ಪರೀಕ್ಷೆ ಬರೆಯುವವರಿಗಾಗಿ ಚನ್ನವೀರಪ್ಪ ಪ್ರತಿವರ್ಷ ಪುಸ್ತಕ ಮಾಡುತ್ತಿದ್ದ. ಆ ಸಲ ಮಂತ್ರಿಗಳ ಹೆಸರನ್ನು ಮೂರು ಬಾರಿ, ಪ್ರಶಸ್ತಿಗಳನ್ನು ಎರಡು ಬಾರಿ ತಾಳೆ ನೋಡಿದ್ದ. ಮಹಿಳೆಯರ ಕೊಕ್ಕೊ ಫೈನಲ್ ಮಾತ್ರ ಅವಸರದಲ್ಲಿ ತಲೆಕೆಳಗಾಯಿತು. ಗೆದ್ದ ನಮ್ಮ ರಾಜ್ಯವನ್ನು ಸೋತವರ ಸಾಲಿಗೆ ಹಾಕಿಬಿಟ್ಟಿದ್ದ. ಪುಸ್ತಕವೆಲ್ಲ ಖರ್ಚಾದ ಮೇಲೆ ಅದು ಗೊತ್ತಾಯಿತು. ಗುಮಾಸ್ತರ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಾಗಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಫಲಿತಾಂಶದ ಮರುದಿನ ಆ ಪುಸ್ತಕ ಹಿಡಿದು ಒಬ್ಬ ಹುಡುಗಿ ಬಾಗಿಲಿಗೆ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಕೈಮುಗಿದ.

"ತಪ್ಪಾತವ್ವಾ. ಕೊಕ್ಕೊ ಉತ್ತರ ನಾನ ತಪ್ಪು ಬರದಿದ್ದೆ. ನಿನ್ನ ಅಂಕ ನಾನ ತಿಂದೆ."

"ಅಯ್ಯ, ಹಂಗ್ಯಾಕಂತೀರಿ ಸರ್? ನನಗ ಆ ಅಂಕ ಬಂದೈತ್ರಿ. ಪಾಸಾಗೀನಿ. ಪೇಢೆ ತಂದೀನಿ, ತಗೋರಿ."

"ತಪ್ಪು ಉತ್ತರಕ್ಕ ಅಂಕ ಹೆಂಗ ಕೊಟ್ರು?"

"ಪ್ರಶ್ನೆಪತ್ರಿಕೆ ತಗದವ್ರೂ ನಿಮ್ಮ ಪುಸ್ತಕಾನ ನೋಡ್ಯಾರಂತ್ರಿ. ಅವ್ರ ಪ್ರಕಾರ ಇದ ಸರಿ ಉತ್ತರ."

ತಿಂಗಳುಗಳಿಂದ ಹೊತ್ತಿದ್ದ ಭಾರ ಇಳಿದಂತಾಗಿ ಅವನು ಒಂದು ಪೇಢೆ ಬಾಯಿಗಿಟ್ಟ. "ಹಂಗಾದ್ರ ನನ್ನಿಂದ ಯಾರಿಗೂ ಕೆಟ್ಟದ್ದಾಗಲಿಲ್ಲ ಅನ್ನು."

ಹುಡುಗಿ ತಲೆ ತಗ್ಗಿಸಿದಳು.

"ನಮ್ಮಕ್ಕ ಒಬ್ಬಾಕಿ, ನಮ್ಮ ರಾಜ್ಯ ಗೆದ್ದೈತಿ ಅಂತ ಬರದು, ಒಂದ ಅಂಕದಾಗ ಫೇಲಾದ್ಲ್ರಿ. ಆ ಫೈನಲ್‌ದಾಗ ಆಕೀನ ಆಡಿದ್ಲು."