ಅಜ್ಜಿಯ ರೊಟ್ಟಿಗಂಟು

ಗಂಟಿನ ಬಟ್ಟೆ ಹಸಿರೋ ನೀಲಿಯೋ, ನಾನು ತಪ್ಪಾಗಿ ನೆನಪಿಟ್ಟಿರಬಹುದು. ಆದರೆ ಇಂದು ಪಕ್ಕದ ಮನೆಯಲ್ಲಿ ಶೇಂಗಾ ಹುರಿಯುವ ವಾಸನೆಗೆ ಎಪ್ಪತ್ತರ ದಶಕದ ಆ ಮಧ್ಯಾಹ್ನ, ಮುಂಬಯಿ ಘಾಟ್ಕೋಪರಿನ ನಮ್ಮ ಚಾಳಿನ ಖೋಲಿ ಮರಳಿ ಬಂತು.

ಅಪ್ಪನ ತಮ್ಮ, ನಮ್ಮ ಕಾಕಾ, ರಜೆ ಮುಗಿಸಿ ಹೊರಟಿದ್ದ. ಅವನ ಕೆಲಸ ದೂರದ ಗುಡ್ಡಗಾಡಿನ ಗಣಿಯಲ್ಲಿ. ರೈಲಿಳಿದು, ಕಲ್ಲುಬಯಲಿನಿಂದ ಸಣ್ಣ ವಿಮಾನ ಹತ್ತಬೇಕಿತ್ತು. ಬಯಲು ಮುಗಿಯುವಲ್ಲೇ ಕಣಿವೆ; ಭಾರ ಹೆಚ್ಚಾದರೆ ವಿಮಾನ ಅಷ್ಟರೊಳಗೆ ಮೇಲೇಳದು. ಅದಕ್ಕೇ ಹತ್ತುವ ಮೊದಲು ಮನುಷ್ಯರನ್ನೂ ತೂಗುತ್ತಿದ್ದರಂತೆ.

ಅಜ್ಜಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ದೊಡ್ಡ ಗಂಟು ಕಟ್ಟಿದಳು. “ಬರೇ ಅನ್ನ ಉಂಡು ಎಷ್ಟು ಸೊರಗೀದಿ ನೋಡು.”

“ಇಷ್ಟು ಹೊತ್ತರ ವಿಮಾನ ಮ್ಯಾಲ ಏಳೂದಿಲ್ಲವ್ವಾ,” ಎಂದು ಕಾಕಾ ನಕ್ಕ.

“ಇದನ್ನ ತೂಗಸಬ್ಯಾಡೋ. ತೂಕಾ ಆದಮ್ಯಾಲ ಸುಮ್ಮನ ಕಾಲಾಗ ಇಟ್ಕೊಂಡು ಕುಂಡ್ರು.”

ಗಂಟು ಹಿಡಿದುಕೊಂಡು ಅಪ್ಪ ಅವನನ್ನು ಬಿಡಲು ಸ್ಟೇಷನ್ನಿಗೆ ಹೋದ. ಅಪ್ಪ ತಿರುಗಿ ಬಂದಾಗ ನಾನು ನಿದ್ದೆಹೋಗಿದ್ದೆ.

ನಾಲ್ಕನೇ ದಿನ ತಂತಿ ಬಂತು. ವಿಮಾನ ನೆಲ ಬಿಟ್ಟಿತ್ತು, ಮೇಲೇರಲಿಲ್ಲ, ಕಣಿವೆಗೆ ಬಿದ್ದಿತ್ತು. ಯಾರೂ ಉಳಿಯಲಿಲ್ಲ. ಅಜ್ಜಿ ರೊಟ್ಟಿಯ ಹಂಚನ್ನು ತೊಳೆದು ಅಟ್ಟಕ್ಕೇರಿಸಿದಳು, ಮತ್ತೆ ಇಳಿಸಲಿಲ್ಲ.

ಅಂದೇ ಅವಳಿಗೆ ಕೇಳಿಸದ ಹಾಗೆ ನಾನು ಅಪ್ಪನನ್ನು ಕೇಳಿದ್ದೆ.

“ಅಪ್ಪಾ, ಕಾಕಾ ಆ ಗಂಟು ಒಯ್ದನೋ, ಸ್ಟೇಷನ್‌ನ್ಯಾಗ ನಿನ್ನ ಕೈಯಾಗ ತಿರುಗಿ ಕೊಟ್ಟನೋ?”