ತಣಿಯದ ಕೋಣೆ

ಮೆಕ್ಯಾನಿಕ್ ರೇಣುಕಾಪ್ರಸಾದ್ ಸ್ಟೂಲಿನ ಮೇಲೆ ನಿಂತು, ಗೋಡೆಯ ಏಸಿಯ ಮುಚ್ಚಳ ಎತ್ತಿ ಫಿಲ್ಟರ್ ಎಳೆದ. ಬೆರಳಿನಿಂದ ಒಮ್ಮೆ ಒರೆಸಿ ನೋಡಿದ. ಬೆರಳು ಕಪ್ಪಾಯಿತು.

"ಹೋದ ವಾರ ತೊಳೆದು ಹಾಕಿದ್ದೆ. ಇದು ಧೂಳಲ್ಲ ಮೇಡಂ, ಮಸಿ. ಎಣ್ಣೆ ಜಿಡ್ಡೂ ಇದೆ. ಈ ರೂಮಲ್ಲಿ ಯಾರೋ ಏನೋ ಸುಡ್ತಿದಾರೆ."

ತನುಜಾ ತುಟಿಯ ಮೇಲೆ ಬೆರಳಿಟ್ಟು ಅವನನ್ನು ವರಾಂಡಕ್ಕೆ ಕರೆದೊಯ್ದಳು. ಮಂಚದ ಮೇಲೆ ಅಪ್ಪ ವೀರಪ್ಪ ಕಣ್ಣು ಮುಚ್ಚಿ ಮಲಗಿದ್ದರು. ನಿದ್ದೆಯೋ ಎಚ್ಚರವೋ ಹೇಳುವಂತಿರಲಿಲ್ಲ.

"ಗ್ಯಾಸ್ ಸರಿಯಿದೆ, ಕಂಪ್ರೆಸರ್ ಸರಿಯಿದೆ," ರೇಣುಕಾಪ್ರಸಾದ್ ದನಿ ತಗ್ಗಿಸಿದ. "ಗಾಳಿ ಕೆಳಗೆ ಬಿಡೋ ರೆಕ್ಕೆ ಇದೆಯಲ್ಲ, ಅದನ್ನ ಯಾರೋ ಮೇಲಕ್ಕೆ ಒತ್ತಿ ಇಡ್ತಿದಾರೆ. ಗೀರು ಬಿದ್ದಿದೆ ನೋಡಿ, ಕೋಲಿಂದು. ಹೊರಟ ತಂಪು ಅಲ್ಲೇ ಮೇಲಿಂದ ವಾಪಸ್ ಒಳಗೆ ಹೋಗ್ತದೆ. ಮೆಷಿನ್ನು ರೂಮು ತಣ್ಣಗಾಯ್ತು ಅಂತ ನಂಬಿ ನಿಂತುಬಿಡ್ತದೆ. ಕೆಳಗೆ ಮಲಗಿದವರು ಬೇಯ್ತಿರ್ತಾರೆ."

ತನುಜಾ ತಿರುಗಿ ಅಪ್ಪನ ಕೋಣೆಯ ಬಾಗಿಲು ನೋಡಿದಳು.

೨೦೦೪ರ ಏಪ್ರಿಲ್. ಶಿವಮೊಗ್ಗ ಕಾದ ಕಾವಲಿಯಾಗಿತ್ತು. ವೀರಪ್ಪನವರ ಹೃದಯ ಅರ್ಧ ಮಾತ್ರ ಕೆಲಸ ಮಾಡುತ್ತಿದೆ ಎಂದಿದ್ದ ಡಾಕ್ಟರು ಎರಡು ಮಾತು ಹೇಳಿ ಮನೆಗೆ ಕಳಿಸಿದ್ದರು. ಕೋಣೆ ತಂಪಾಗಿರಬೇಕು. ಮನಸ್ಸಿಗೆ ಆಘಾತ ಆಗಕೂಡದು.

ಮೊದಲನೆಯದಕ್ಕೆ ಏಸಿ ಬಂತು. ಎರಡನೆಯದು ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದಾಗಲೇ ತನುಜಾಳ ತಮ್ಮ ವೀರೇಂದ್ರ ಲಾರಿಗೆ ಸಿಕ್ಕಿ ತೀರಿಕೊಂಡಿದ್ದ. ಭದ್ರಾವತಿಯಲ್ಲಿ, ಅಮ್ಮನ ತವರಿನ ಹೊಲದಲ್ಲಿ ಮಣ್ಣು ಮಾಡಿದ್ದೂ ಆಗಿತ್ತು. ಅಪ್ಪನ ಲೆಕ್ಕದಲ್ಲಿ ಮಾತ್ರ ಅವನು ಒರಿಸ್ಸಾದ ಯಾವುದೋ ಕಾರ್ಖಾನೆಯಲ್ಲಿ ಟ್ರೈನಿಂಗಿಗೆ ಹೋಗಿದ್ದ. ಅಲ್ಲಿ ಫೋನು ಸಿಗುತ್ತಿರಲಿಲ್ಲ.

ಅಮ್ಮ ಬಸವರಾಜೇಶ್ವರಿ ಅಳು ತಡೆಯಲಾಗದ ದಿನ ಭದ್ರಾವತಿಯ ಬಸ್ಸು ಹತ್ತುತ್ತಿದ್ದರು. ಓಲ್ಡ್ ಟೌನಿನ ಅಣ್ಣನ ಮನೆಯಲ್ಲಿ ಅತ್ತು, ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಸಂಜೆಗೆ ರವೀಂದ್ರನಗರದ ಮನೆಗೆ ವಾಪಸ್. ಬಂದವರೇ ಗಂಡನ ಮುಂದೆ ನಗುನಗುತ್ತಾ ಕೂರುತ್ತಿದ್ದರು. ಅದನ್ನು ನೋಡಲು ತನುಜಾಗೆ ಆಗುತ್ತಿರಲಿಲ್ಲ.

ಮನೆಯಲ್ಲಿ ಹೊರಗಿನವಳೆಂದರೆ ಒಬ್ಬಳೇ: ಅಪ್ಪನನ್ನು ನೋಡಿಕೊಳ್ಳಲು ಬರುತ್ತಿದ್ದ ರಾಗಿಗುಡ್ಡದ ದುರ್ಗಮ್ಮ. ಮಧ್ಯಾಹ್ನವೆಲ್ಲ ಆ ಕೋಣೆಯಲ್ಲಿ ಇರುತ್ತಿದ್ದವಳು ಅವಳೇ. ಕೈಯಲ್ಲಿ ಸದಾ ಉದ್ದನೆಯ ಕಡ್ಡಿಪೊರಕೆ. ಸುಳ್ಳು ಕಾಯುವವರಿಗೆ ಕಂಡವರ ಮೇಲೆಲ್ಲ ಅನುಮಾನ. ತನುಜಾಳ ತಲೆಗೆ ಹುಳ ಹೊಕ್ಕಿತು.

ಅಪ್ಪನನ್ನೇ ಮೆಲ್ಲಗೆ ಕೆದಕಿದಳು. "ಸೆಕೆ ಆಗ್ತಿದೆಯಾ ಅಪ್ಪಾಜಿ? ದುರ್ಗಮ್ಮ ಏನಾದ್ರೂ ಮಾಡ್ತಾಳಾ?"

"ಏನೂ ಇಲ್ಲ ಮಾರಾಯ್ತಿ. ಏಸಿ ಗಾಳಿ ಕಿವಿಗೆ ಹೊಡೀತದೆ, ಸ್ವಲ್ಪ ಹತ್ತಿ ಕೊಟ್ಟುಹೋಗು. ಮೊಣಕಾಲಿಗೆ ಎಳ್ಳೆಣ್ಣೆನೂ ಮುಗೀತು." ಹಾಗೇ ಕೇಳಿದರು, "ಭದ್ರಾವತಿಗೆ ಹೋಗಿ ಬಂದಾಗೆಲ್ಲ ನಿಮ್ಮಮ್ಮನ ಕಣ್ಣು ಕೆಂಪಗಿರ್ತವೆ. ಬಸ್ಸಿನ ಧೂಳೇನೋ?"

"ಹೂಂ, ಧೂಳೇ."

"ಇರ್ಬೇಕು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಊರುಗೋಲು ಜಾರಿ ಬಿತ್ತು. ತನುಜಾ ಎತ್ತಿ ಮಂಚಕ್ಕೆ ಒರಗಿಸಿ, ಹತ್ತಿ, ಎಣ್ಣೆ ತಂದಿಟ್ಟಳು.

ಸಂಜೆ ದುರ್ಗಮ್ಮ ಅಂಗಡಿಗೆ ಹೋಗಿ ಬಂದಾಗ ಅವಳ ಸೆರಗಿನ ಗಂಟಿನಿಂದ ಹೊಸ ಬೆಂಕಿಪೊಟ್ಟಣವೊಂದು ಕೆಳಗೆ ಬಿತ್ತು.

"ಇದು ಯಾಕೆ?"

"ಬೇಕಿತ್ತಮ್ಮ."

"ಅಪ್ಪಾಜಿ ರೂಮಲ್ಲಿ ಏನು ಸುಡ್ತಿದೀಯ?"

ದುರ್ಗಮ್ಮ ನೆಲ ನೋಡಿದಳು. "ನಾನೇನೂ ಸುಟ್ಟಿಲ್ಲ. ಬೇಕಾದ್ರೆ ನನ್ನ ಬಿಡಿಸಿ. ಆದ್ರೆ ಆ ಏಸಿ ರಿಪೇರಿ ಮಾತ್ರ ಇಷ್ಟಕ್ಕೇ ಬಿಟ್ಬಿಡಿ ತಾಯಿ."

ತನುಜಾಗೆ ಇನ್ನೇನು ಬೇಕಿತ್ತು? ನಾಳೆಯಿಂದ ಬರಬೇಡ ಎಂದು ಗೇಟು ಹಾಕಿಕೊಂಡಳು. ಅಮ್ಮನಿಗೆ ಹೇಳಲಿಲ್ಲ. ಮಗನನ್ನು ಕಳೆದುಕೊಂಡವರಿಗೆ, ಗಂಡನನ್ನೂ ಕೊಲ್ಲಲು ಯಾರೋ ಹೊರಟಿದ್ದಾರೆ ಎಂದು ಯಾವ ಬಾಯಲ್ಲಿ ಹೇಳುವುದು?

ಮರುದಿನ ರೇಣುಕಾಪ್ರಸಾದ್ ಕಾಯಿಲ್ ತೊಳೆದು, ರೆಕ್ಕೆ ಸರಿಮಾಡಿ, ಕೋಣೆ ತಣ್ಣಗಾಗುವವರೆಗೂ ಕೂತಿದ್ದು ಹೋದ. ಮಧ್ಯಾಹ್ನ ಅಮ್ಮ ಭದ್ರಾವತಿಗೆ ಹೊರಟರು. ಊಟ ಮುಗಿಸಿ ತನುಜಾ ಕೋಣೆಗೆ ಹೋದರೆ ಒಳಗೆ ಮತ್ತೆ ಧಗೆ. ಅಪ್ಪನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ರೆಕ್ಕೆ ಸೂರು ನೋಡುತ್ತಿತ್ತು.

ದುರ್ಗಮ್ಮ ಬಂದಿರಲಿಲ್ಲ. ಹಿತ್ತಲ ಬಾಗಿಲಿಂದ ನುಗ್ಗಿದಳೇ? ಗಾಳಿಗೆ ತಾನೇ ತೆರೆದುಕೊಂಡಂತೆ ಕಾಣಲೆಂದು ತನುಜಾ ಕಿಟಕಿಯನ್ನು ಚಿಲಕ ಹಾಕದೆ ಓರೆ ಮಾಡಿದಳು. ಕೋಲಿನಿಂದ ರೆಕ್ಕೆಯನ್ನು ಕೆಳಗಿಳಿಸಿ, "ಅಂಗಡಿಗೆ ಹೋಗ್ಬರ್ತೀನಿ ಅಪ್ಪಾಜಿ," ಎಂದು ಗಟ್ಟಿಯಾಗಿ ಹೇಳಿ ಗೇಟು ಸದ್ದು ಮಾಡಿದಳು. ಸುತ್ತು ಹಾಕಿ ಹಿತ್ತಲಿಗೆ ಬಂದು, ಬಿಸಿಗಾಳಿ ಉಗುಳುತ್ತಿದ್ದ ಹೊರಗಿನ ಯಂತ್ರದ ಪಕ್ಕ, ಕಿಟಕಿಯ ಸಂದಿಗೆ ಕಣ್ಣಿಟ್ಟು ನಿಂತಳು. ಕಳ್ಳಿ ಬರಲಿ, ಹಿಡಿದೇಬಿಡುತ್ತೇನೆ ಎಂದುಕೊಂಡಳು.

ಯಾರೂ ಬರಲಿಲ್ಲ. ಮಂಚ ಕಿರುಗುಟ್ಟಿತು.

ವೀರಪ್ಪ ಎದ್ದು ನಿಂತು ಏದುಸಿರು ಬಿಡುತ್ತಾ, ಊರುಗೋಲೆತ್ತಿ ರೆಕ್ಕೆಯನ್ನು ಮೇಲಕ್ಕೆ ಒತ್ತಿದರು. ಗಾಳಿ ತಿರುಗಿತು. ಹಾಸಿಗೆಯ ಕೆಳಗಿನಿಂದ ಔಷಧಿ ಬಾಟಲಿಯ ತಗಡಿನ ಮುಚ್ಚಳವೊಂದನ್ನು ಹೊರತೆಗೆದು, ಅದಕ್ಕೆ ಎಣ್ಣೆ ಸುರಿದು, ಹತ್ತಿ ಹೊಸೆದಿಟ್ಟು, ಗಾಳಿಗೆ ಕೈ ಅಡ್ಡ ಹಿಡಿದು, ಪೊಟ್ಟಣದಲ್ಲಿ ಉಳಿದಿದ್ದ ಒಂದೇ ಕಡ್ಡಿ ಗೀರಿ ಹೊತ್ತಿಸಿದರು. ಬತ್ತಿ ಅಲುಗದೆ ಉರಿಯಿತು. ಅದರ ಮುಂದೆ ಒಂದು ಪುಟ್ಟ ಫೋಟೊ ಒರಗಿಸಿ, ಅದರ ಹಣೆಗೆ ವಿಭೂತಿ ಹಚ್ಚಿದರು.

ವೀರೇಂದ್ರನ ಫೋಟೊ.

"ನಂಗೆ ಗೊತ್ತು ಅನ್ನೋದು ನಿಮ್ಮಮ್ಮಂಗೆ ಗೊತ್ತಾಗೋದು ಬೇಡ ಮಗಾ," ಎಂದರು ವೀರಪ್ಪ. "ಅವಳು ತಡ್ಕೊಳ್ಳಲ್ಲ."