ಅಣುವಿನ ಬೂದಿ

“ಮುಂದ ಕರೆಂಟು ಅಣುವಿನಿಂದ ಬರ್ತದ. ಆ ಒಲಿಗೆ ಕಟಿಗಿ ಬ್ಯಾಡ, ಹೊಗಿನೂ ಇಲ್ಲ,” ಎಂದು ಪ್ರಚಾರಾಧಿಕಾರಿ ಶ್ರೀಪಾದರಾಯರು ಮುಶಿಗೇರಿಯ ಚಾವಡಿಯಲ್ಲಿ ಪಟ ತೋರಿಸುತ್ತಿದ್ದಾಗ, ಸಿದ್ದಲಿಂಗವ್ವ ಎದ್ದುಬಂದು ಖಾಲಿ ಬುಟ್ಟಿಯನ್ನು ಅವರ ಮುಂದಿಟ್ಟಳು.

“ಅದರ ಬೂದಿ ನಮಗ ಕೊಡ್ರಿ. ಬೀಜದ ಜ್ವಾಳಕ್ಕ ಕಲಸಿಟ್ರ ಹುಳ ಹತ್ತೂದಿಲ್ಲ.”

ರಾಯರು ನಕ್ಕರು. “ಆ ಬೂದಿ ಮುಟ್ಟಬಾರದವಾ. ಸೀಸದ ಪೆಟ್ಟಿಗ್ಯಾಗ ಹಾಕಿ, ಊರಿಂದ ದೂರ ನೆಲದಾಗ ಹುಗೀಬೇಕು.”

“ಎಷ್ಟ ದಿನಕ್ಕ ಆರತೈತ್ರಿ?”

ರಾಯರ ನಗು ನಿಂತಿತು. “ನೂರಾರು ವರ್ಷ ಬೇಕು,” ಎಂದು ಮೆಲ್ಲಗೆ ಹೇಳಿ ಪಟ ಸುತ್ತತೊಡಗಿದರು.

ದಿನಾ ಬೆಳಗ್ಗೆ ಒಲೆಯ ಬೂದಿಯನ್ನು ಬರಿಗೈಯಲ್ಲೇ ಬಳಿಯುವ ಸಿದ್ದಲಿಂಗವ್ವ, ಹೊಲದ ಕೆಂಪು ಧೂಳು ಹತ್ತಿದ ರಾಯರ ಬೂಟುಗಳನ್ನು ನೋಡಿದಳು. ಬುಟ್ಟಿಯನ್ನು ಬಗಲಿಗೆ ಎಳೆದುಕೊಂಡಳು.

“ಖರೇ ಹೇಳ್ರಿ ಸಾಹೇಬ್ರ, ಪಟ ತೋರಸಾಕ ಬಂದೀರೋ, ಹುಗಿಯಾಕ ಹೊಲಾ ನೋಡಾಕ ಬಂದೀರೋ?”